ಕಡಿಮೆ ದುಡ್ಡಿನಲ್ಲಿ ಕಂಪ್ಯೂಟರಿಗೆ 5.1 ಸೌಂಡ್: ಮೊದಲು ಜಾಕ್ ಎಣಿಸಿ, ಆಮೇಲೆ ಕೊಳ್ಳಿ

"ಅಣ್ಣಾ, 5.1 ಸ್ಪೀಕರ್ ತಂದೆ. ಸೌಂಡ್ ಕಾರ್ಡೂ ಹಾಕಿದೆ. ಆದ್ರೆ ಹಿಂದಿನ ಎರಡು ಸ್ಪೀಕರ್ ಬಾಯೇ ಬಿಡ್ತಿಲ್ಲ."

ಹೊನ್ನಾವರದಲ್ಲಿರುವ ಚಿಕ್ಕಪ್ಪನ ಮಗ ಫೋನ್ ಮಾಡಿ ಹೀಗೆ ಹೇಳಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಶಿರಸಿ, ಕುಮಟಾ, ಅಂಕೋಲಾ, ಕಾರವಾರ, ಎಲ್ಲ ಕಡೆಯ ಗೆಳೆಯರಿಂದಲೂ ಇದೇ ದೂರು ಬರುತ್ತದೆ. ಹೋಗಿ ನೋಡಿದರೆ ಯಾವ ವಸ್ತುವೂ ಕೆಟ್ಟಿರುವುದಿಲ್ಲ. ಕೊಂಡ ಕ್ರಮ ತಪ್ಪಿರುತ್ತದೆ. ಮೊದಲು ಕಾರ್ಡ್ (ಸದ್ದಿಗಾಗಿ ಕಂಪ್ಯೂಟರಿಗೆ ಬೇರೆಯಾಗಿ ಸೇರಿಸುವ ಭಾಗ), ಆಮೇಲೆ ಸ್ಪೀಕರ್, ಕೊನೆಗೆ ಕೇಬಲ್ ಹುಡುಕಾಟ. ಇದನ್ನು ತಿರುಗಿಸಿ ಮಾಡಬೇಕು. ಎಷ್ಟೋ ಮನೆಗಳಲ್ಲಿ ಕಾರ್ಡ್ ಬೇಕಾಗುವುದೇ ಇಲ್ಲ.

ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಿ ಕೂತರೆ ಉಳಿದದ್ದು ಸಲೀಸು. 5.1 ಅಂದರೆ ಆರು ಬೇರೆ ಬೇರೆ ಸದ್ದು, ಅಂದರೆ ಆರು ಚಾನೆಲ್: ಮುಂದೆ ಎಡ, ಮುಂದೆ ಬಲ, ನಡುವೆ ಒಂದು, ಹಿಂದೆ ಎಡ, ಹಿಂದೆ ಬಲ, ಮತ್ತೆ ಬಾಸಿಗೆ, ಅಂದರೆ ತಗ್ಗು ದನಿಗೆ, ಸಬ್‌ವೂಫರ್. ಸಿನಿಮಾ ಫೈಲು, ಪ್ಲೇಯರ್, ಸೌಂಡ್ ಚಿಪ್, ಜಾಕ್, ಕೇಬಲ್, ಸ್ಪೀಕರ್. ಈ ದಾರಿಯ ಪ್ರತಿ ಜಾಗದಲ್ಲೂ ಆರೂ ದಾಟಬೇಕು. ಎಲ್ಲಿ ಎರಡಕ್ಕೆ ಇಳಿಯುತ್ತದೋ ಅಲ್ಲಿಂದ ಮುಂದೆ ಎರಡೇ. ಆಮೇಲೆ ಎಷ್ಟು ದುಡ್ಡು ಸುರಿದರೂ ಅದು ಆರಾಗುವುದಿಲ್ಲ.

ಕೈಗೆ ಇಟ್ಟುಕೊಳ್ಳಬೇಕಾದ್ದು: ಒಂದು ಟಾರ್ಚ್, ಉದ್ದದ ದಾರ, ಅಳತೆ ಟೇಪು, ಸ್ಟಾರ್ ಸ್ಕ್ರೂಡ್ರೈವರ್, ಮೂರು ಬಣ್ಣದ ಇನ್ಸುಲೇಶನ್ ಟೇಪು, ಕಾಗದ-ಪೆನ್ನು.

ಹಂತ 1: ನೀವು ಕೇಳುವುದು ಏನು, ಬರೆದಿಡಿ

ಹೋದ ವಾರ ಕಂಪ್ಯೂಟರಿನಲ್ಲಿ ಏನೇನು ಕೇಳಿದಿರಿ ಅಂತ ನೆನಪಿಸಿಕೊಳ್ಳಿ. ಹಾಡು, ಯಕ್ಷಗಾನ, ಯೂಟ್ಯೂಬ್, ಆನ್‌ಲೈನ್ ಕ್ಲಾಸ್ ಇವೇ ಜಾಸ್ತಿ ಇದ್ದರೆ ನಿಮಗೆ 5.1 ಬೇಡ. ಇವೆಲ್ಲ ಹೆಚ್ಚಾಗಿ ಸ್ಟೀರಿಯೊ, ಅಂದರೆ ಎರಡೇ ಚಾನೆಲ್. ಅದೇ ದುಡ್ಡಿಗೆ ಎರಡು ಒಳ್ಳೆಯ ಸ್ಪೀಕರ್ ಅಥವಾ ಒಂದು ಒಳ್ಳೆಯ 2.1 ಸೆಟ್ (ಎರಡು ಸ್ಪೀಕರ್, ಒಂದು ಸಬ್‌ವೂಫರ್) ಬರುತ್ತದೆ. ಭಾಗವತರ ದನಿ, ಮದ್ದಳೆಯ ನಾದ, ಚಂಡೆಯ ಪೆಟ್ಟು ಅದರಲ್ಲಿ ಎಷ್ಟೋ ಚೆನ್ನಾಗಿ ಬಿಡಿಬಿಡಿಯಾಗಿ ಕೇಳುತ್ತದೆ. ಸ್ಟೀರಿಯೊ ಯಕ್ಷಗಾನವನ್ನು ಐದೂ ಸ್ಪೀಕರಿಗೆ ಹಂಚಿದರೆ ಚಂಡೆ ಬೆನ್ನ ಹಿಂದೆ ಬಡಿಯುತ್ತದೆ. ರಂಗಸ್ಥಳದ ಮುಂದೆ ಕೂತವರಿಗೆ ಅದು ಹಿತವಾಗುವುದಿಲ್ಲ.

ಸಿನಿಮಾ ಫೈಲು, ಡಿವಿಡಿ, ಬ್ಲೂ-ರೇ, ಆಟಗಳು ಜಾಸ್ತಿ ಅಂತಾದರೆ 5.1 ನಿಜಕ್ಕೂ ಖುಷಿ ಕೊಡುತ್ತದೆ. ಮುಂದೆ ಓದಿ.

ಹಂತ 2: ಕಂಪ್ಯೂಟರಿನ ಬೆನ್ನು ನೋಡಿ

ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಕೆಲಸ ಇದು. ಟಾರ್ಚ್ ಹಿಡಿದು ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ. ಸಣ್ಣ ದುಂಡನೆಯ ಬಣ್ಣದ ಜಾಕ್‌ಗಳು ಎಷ್ಟಿವೆ, ಎಣಿಸಿ. ಫೋಟೋ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಅದೇ ನಿಮ್ಮ ಮಾತಿಗೆ ಆಧಾರ.

*ಐದು ಅಥವಾ ಆರು ಜಾಕ್ ಇದ್ದರೆ:* ನಿಮ್ಮ ಮದರ್‌ಬೋರ್ಡ್ (ಕಂಪ್ಯೂಟರಿನ ಒಳಗಿನ ಮುಖ್ಯ ಹಲಗೆ) 5.1 ಕೊಡುತ್ತದೆ. ಹಸಿರು ಮುಂದಿನ ಎರಡು ಸ್ಪೀಕರಿಗೆ. ಕಪ್ಪು ಹಿಂದಿನ ಎರಡಕ್ಕೆ. ಕಿತ್ತಳೆ ಬಣ್ಣದ್ದು ನಡುವಿನ ಸ್ಪೀಕರ್ ಮತ್ತು ಸಬ್‌ವೂಫರ್ ಎರಡಕ್ಕೂ. ನೀಲಿ ಒಳಗೆ ಬರುವ ಸದ್ದಿಗೆ, ಗುಲಾಬಿ ಮೈಕಿಗೆ. ಬೂದು ಬಣ್ಣದ್ದು ಇದ್ದರೆ ಅದು 7.1ರಲ್ಲಿ, ಅಂದರೆ ಎಂಟು ಚಾನೆಲ್ ಇರುವಾಗ, ಪಕ್ಕದ ಸ್ಪೀಕರಿಗೆ. ನೀವು ಕಾರ್ಡ್ ಕೊಳ್ಳುವ ಯೋಚನೆ ಈಗಲೇ ಬಿಡಬಹುದು.

*ಮೂರೇ ಜಾಕ್ ಇದ್ದರೆ:* ಇಲ್ಲೇ ಜನ ಮೋಸ ಹೋಗುವುದು. ಹಸಿರು, ನೀಲಿ, ಗುಲಾಬಿ ಮಾತ್ರ ಕಂಡ ಕೂಡಲೇ "ಇದರಲ್ಲಿ 5.1 ಇಲ್ಲ" ಅಂತ ಅಂಗಡಿಯವರು ಕಾರ್ಡ್ ಮಾರುತ್ತಾರೆ. ಆದರೆ ಇಂಥ ಬಹಳಷ್ಟು ಬೋರ್ಡ್‌ಗಳಲ್ಲಿರುವ ರಿಯಲ್‌ಟೆಕ್ ಕಂಪನಿಯ ಸೌಂಡ್ ಚಿಪ್ ನೀಲಿ ಮತ್ತು ಗುಲಾಬಿ ಜಾಕ್‌ಗಳ ಕೆಲಸ ಬದಲಿಸಬಲ್ಲದು. ನೀಲಿ ಹಿಂದಿನ ಸ್ಪೀಕರಿಗೆ, ಗುಲಾಬಿ ನಡುವಿನದಕ್ಕೆ ಮತ್ತು ಸಬ್‌ವೂಫರಿಗೆ. ಕಂಪ್ಯೂಟರಿನಲ್ಲಿ ರಿಯಲ್‌ಟೆಕ್ ಆಡಿಯೊ ಕನ್ಸೋಲ್ ಅನ್ನುವ ಸಾಫ್ಟ್‌ವೇರ್ ತೆರೆದು ಪಿನ್ ಚುಚ್ಚಿದರೆ, ಈಗ ಚುಚ್ಚಿದ್ದು ಯಾವ ಸಾಧನ ಅಂತ ಅದೇ ಕೇಳುತ್ತದೆ. ಅಲ್ಲಿ ನೀಲಿಗೆ ಹಿಂದಿನ ಸ್ಪೀಕರ್ ಅಂತ, ಗುಲಾಬಿಗೆ ನಡುವಿನದು ಮತ್ತು ಸಬ್‌ವೂಫರ್ ಅಂತ ಆರಿಸಿ. ಹಿಂದಿನ ಮೈಕ್ ಜಾಕ್ ಹೋಯಿತು ಅಂತ ಚಿಂತೆ ಬೇಡ. ಕ್ಯಾಬಿನೆಟ್ಟಿನ ಮುಂದಿನ ಮೈಕ್ ಜಾಕ್ ಇದ್ದೇ ಇರುತ್ತದೆ.

ನಿಮ್ಮ ಬೋರ್ಡಿನಲ್ಲಿ ಈ ಸೌಲಭ್ಯ ಇದೆಯಾ ಅಂತ ಖಚಿತ ಮಾಡಿಕೊಳ್ಳಲು ಬೋರ್ಡಿನ ಮಾಡೆಲ್ ನಂಬರ್ ಹಿಡಿದು ಕಂಪನಿಯ ಪುಟದಲ್ಲಿ ಆಡಿಯೊ ಅನ್ನುವ ಸಾಲು ನೋಡಿ. ಅಲ್ಲಿ 7.1 ಚಾನೆಲ್ ಅಂತ ಇದ್ದು ಹಿಂದೆ ಮೂರೇ ಜಾಕ್ ಇದ್ದರೆ, ಆ ಉಳಿದ ಚಾನೆಲ್‌ಗಳು ಇದೇ ಉಪಾಯದಿಂದ ಬರುತ್ತವೆ.

*ಲ್ಯಾಪ್‌ಟಾಪ್ ಆದರೆ:* ಒಂದೇ ಜಾಕ್. ಅದರಲ್ಲಿ ಸ್ಟೀರಿಯೊ ಬಿಟ್ಟು ಬೇರೆ ಬರುವುದಿಲ್ಲ. ನಿಮಗೆ ಹೊರಗಿನ ಯುಎಸ್‌ಬಿ ಸೌಂಡ್ ಬಾಕ್ಸ್ ಬೇಕು, ಇಲ್ಲವೇ ಎಚ್‌ಡಿಎಂಐ ಹಿಡಿಯುವ ಆಂಪ್ಲಿಫೈಯರ್ ಬೇಕು. ಹಂತ 5ರಲ್ಲಿ ಹೇಳುತ್ತೇನೆ.

ಹಂತ 3: ಕೋಣೆ ಅಳೆಯಿರಿ

ಟೇಪಿನಿಂದ ಉದ್ದ-ಅಗಲ ಅಳೆದರೆ ಸಾಲದು. ದಾರ ತೆಗೆದುಕೊಳ್ಳಿ. ಸಬ್‌ವೂಫರ್ ಇಡುವ ಜಾಗದಿಂದ ಗೋಡೆಯ ಬುಡ ಹಿಡಿದು, ಬಾಗಿಲ ಚೌಕಟ್ಟು ಸುತ್ತಿಸಿ, ಹಿಂದಿನ ಸ್ಪೀಕರ್ ಇಡುವ ಜಾಗದವರೆಗೆ ದಾರ ಎಳೆಯಿರಿ. ಈಗ ದಾರವನ್ನು ಅಳೆಯಿರಿ. 10 ಅಡಿಗೆ 12 ಅಡಿಯ ಕೋಣೆಯಲ್ಲೂ ಬಾಗಿಲು ಸುತ್ತಿ ಬರುವಾಗ ಇದು 20 ಅಡಿ ದಾಟುವುದುಂಟು. ಅದಕ್ಕೆ 2 ಅಡಿ ಸೇರಿಸಿ ಬರೆದಿಡಿ. ಕಡಿಮೆ ಬೆಲೆಯ ಸೆಟ್‌ಗಳ ವೈರ್ ಇಷ್ಟುದ್ದ ಇಲ್ಲದಿದ್ದರೆ ಹಿಂದಿನ ಸ್ಪೀಕರ್ ಕೊನೆಗೆ ಮುಂದಿನ ಟೇಬಲ್ ಮೇಲೇ ಬಂದು ಕೂರುತ್ತದೆ.

ಇನ್ನೊಂದು ಪರೀಕ್ಷೆ. ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ನಮ್ಮ ಕಡೆ ಚಿರೆಕಲ್ಲಿನ ಗೋಡೆಗೆ ಗಿಲಾವು, ಕೆಳಗೆ ಕಾವಿ ನೆಲ ಅಥವಾ ಟೈಲ್ಸ್. ಚಪ್ಪಾಳೆಯ ಬೆನ್ನಿಗೆ "ಝಿಣ್" ಅಂತ ಸದ್ದು ಉಳಿದರೆ ಸಿನಿಮಾದ ಮಾತು ಸ್ಪಷ್ಟ ಆಗುವುದಿಲ್ಲ, ಸ್ಪೀಕರ್ ಯಾವುದೇ ಇರಲಿ. ನೆಲಕ್ಕೆ ದಪ್ಪ ಜಮಖಾನ, ಕೂರುವ ಜಾಗದ ಹಿಂದಿನ ಗೋಡೆಗೆ ಒಂದು ಕೌದಿ. ಮತ್ತೆ ಚಪ್ಪಾಳೆ ತಟ್ಟಿ ನೋಡಿ, ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ಹಂಚಿನ ಮಾಡಿನ ಹಳೆ ಮನೆಗಳಲ್ಲಿ, ಮರದ ಅಟ್ಟ ಇರುವ ಕೋಣೆಗಳಲ್ಲಿ ಈ ತೊಂದರೆ ಕಡಿಮೆ.

ಹಂತ 4: ಸ್ಪೀಕರ್ ಆರಿಸಿ

ಹತ್ತು ಸಾವಿರ ರೂಪಾಯಿ ಇದೆ ಅಂದುಕೊಳ್ಳಿ. ಎಂಟು ಸಾವಿರ ಸ್ಪೀಕರಿಗೇ ಇಡಿ. ಉಳಿದ ಎರಡು ಸಾವಿರ ಕೇಬಲ್, ಸ್ಪೈಕ್ ಗಾರ್ಡ್, ಬೇಕಾದರೆ ಕಾರ್ಡ್. ಕಾರ್ಡ್ ಬೇಡ ಅಂತಾದರೆ ಆ ದುಡ್ಡನ್ನೂ ಸ್ಪೀಕರಿಗೇ ಸೇರಿಸಿ. ಮದರ್‌ಬೋರ್ಡಿನ ಚಿಪ್‌ಗೂ ಕಡಿಮೆ ಬೆಲೆಯ ಕಾರ್ಡಿಗೂ ಇರುವ ವ್ಯತ್ಯಾಸ ಸಾಮಾನ್ಯ ಸ್ಪೀಕರಿನಲ್ಲಿ ಕೇಳುವುದೇ ಕಷ್ಟ. ಸ್ಪೀಕರ್ ಬದಲಾದರೆ ಮನೆಯವರೆಲ್ಲರಿಗೂ ಕೇಳುತ್ತದೆ.

ಡಬ್ಬಿಯ ಮೇಲೆ 5.1 ಅಂತ ಇದ್ದ ಮಾತ್ರಕ್ಕೆ ನಂಬಬೇಡಿ. ಐದು ಸ್ಪೀಕರ್ ಇದ್ದು, ಒಳಗೆ ಹೋಗುವ ದಾರಿ ಎರಡೇ ಇರುವ ಸೆಟ್‌ಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಅವು ಮುಂದಿನ ಸದ್ದನ್ನೇ ಹಿಂದೆಯೂ ಹೊರಡಿಸುತ್ತವೆ. ಹಾಗಾಗಿ ಸಬ್‌ವೂಫರಿನ ಹಿಂಭಾಗ ತಿರುಗಿಸಿ ನೋಡಿ. ಇವೆರಡರಲ್ಲಿ ಒಂದು ಕಾಣಬೇಕು:

- ಒಳಬರುವ ಸದ್ದಿಗೆ ಆರು ಆರ್‌ಸಿಎ ಜಾಕ್ (ಡಿವಿಡಿ ಪ್ಲೇಯರಿನ ಕೆಂಪು-ಬಿಳಿ ಪಿನ್ ಕೂರುವಂಥವು), ಮೂರು ಜೋಡಿ
- ಹಸಿರು, ಕಪ್ಪು, ಕಿತ್ತಳೆ ಬಣ್ಣದ ಮೂರು ಸಣ್ಣ ಪಿನ್ ಅಥವಾ ಜಾಕ್

ಇಲ್ಲಿ ಒಂದು ಎಚ್ಚರಿಕೆ. ಸ್ಪೀಕರಿಗೆ ಹೋಗುವ ಐದು ಜಾಕ್‌ಗಳೂ ಅಲ್ಲೇ ಪಕ್ಕದಲ್ಲಿ ಇರುತ್ತವೆ. ಎಷ್ಟೋ ಸೆಟ್‌ಗಳಲ್ಲಿ ಅವೂ ಆರ್‌ಸಿಎ. ಅವುಗಳನ್ನೇ ಒಳಬರುವ ಜಾಕ್ ಅಂತ ಎಣಿಸಬೇಡಿ. ಜಾಕ್‌ಗಳ ಮೇಲೆ ಇನ್‌ಪುಟ್ ಅಂತ ಬರೆದಿದೆಯಾ, ಔಟ್‌ಪುಟ್ ಅಂತಲಾ ನೋಡಿ.

ಬ್ಲೂಟೂತ್ ಇದೆ ಅಂತ ಅಂಗಡಿಯವರು ಹೇಳಿದರೆ ಒಳ್ಳೆಯದೇ, ಆದರೆ ಇಂಥ ಸೆಟ್‌ಗಳಲ್ಲಿ ಬ್ಲೂಟೂತ್‌ನಿಂದ ಬರುವುದು ಎರಡೇ ಚಾನೆಲ್. ಯುಎಸ್‌ಬಿ ಜಾಕ್ ಇದೆ ಅಂದರೆ ಅದು ಸಾಮಾನ್ಯವಾಗಿ ಪೆನ್ ಡ್ರೈವ್‌ಗೆ. ಕಂಪ್ಯೂಟರಿಗೆ ಜೋಡಿಸಲು ಅಲ್ಲ. ನಮ್ಮ ಹೊನ್ನಾವರದ ಹುಡುಗ ಎಡವಿದ್ದು ಇಲ್ಲೇ. ಅವನ ಸೆಟ್ಟಿನ ಹಿಂದೆ ಆಕ್ಸ್ ಅಂತ ಬರೆದ ಒಂದು ಜಾಕ್ ಮಾತ್ರ ಇತ್ತು. ರಿಮೋಟಿನಲ್ಲಿ ಒಂದು ಗುಂಡಿ ಒತ್ತದೆ ಹಿಂದಿನ ಸ್ಪೀಕರಿಗೆ ಏನೂ ಹೋಗುತ್ತಿರಲಿಲ್ಲ. ಒತ್ತಿದರೆ ಮುಂದಿನದೇ ಸದ್ದು ಹಿಂದೆಯೂ.

ವ್ಯಾಟ್ ವಿಷಯ ಬೇಗ ಮುಗಿಸುತ್ತೇನೆ. ಆರ್‌ಎಂಎಸ್ ವ್ಯಾಟ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ ಮಾತ್ರ ನೋಡಿ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಅಂತ ಸಾವಿರಗಟ್ಟಲೆ ಬರೆದಿದ್ದರೆ ಅದನ್ನು ಓದಲೇಬೇಡಿ, ಅದನ್ನು ಅಳೆಯಲು ಒಪ್ಪಿತವಾದ ಒಂದೇ ಕ್ರಮ ಅಂತ ಇಲ್ಲ. 10 ಅಡಿಗೆ 12 ಅಡಿ ಕೋಣೆಗೆ ಎಲ್ಲ ಸೇರಿ 60ರಿಂದ 80 ವ್ಯಾಟ್ ಆರ್‌ಎಂಎಸ್ ಧಾರಾಳ ಸಾಕು. ಹೋಲಿಕೆಗೆ ಹೇಳುವುದಾದರೆ, ಬಹಳ ಕಾಲ ಚೆನ್ನಾಗಿ ಓಡಿದ ಲಾಜಿಟೆಕ್ ಝಡ್506 ಸೆಟ್ 75 ವ್ಯಾಟ್‌ನದ್ದು.

ಕರಾವಳಿಯವರು ಇನ್ನೊಂದು ನೋಡಬೇಕು. ಸಬ್‌ವೂಫರ್ ಡಬ್ಬಿ ಹೆಚ್ಚಾಗಿ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯದ್ದು. ತೇವ ಹಿಡಿದರೆ ಉಬ್ಬುತ್ತದೆ. ಕೆಳಭಾಗ ಮತ್ತು ಹಿಂಭಾಗದ ಅಂಚುಗಳಿಗೂ ಹೊದಿಕೆ ಅಂಟಿಸಿದ್ದಾರಾ ನೋಡಿ. ರಬ್ಬರ್ ಕಾಲು ಇರಲೇಬೇಕು.

ಹಂತ 5: ಈಗ ಕಾರ್ಡ್, ಅದೂ ಬೇಕಾದರೆ ಮಾತ್ರ

ಕಾರ್ಡ್ ಯಾವಾಗ ಬೇಕು? ಲ್ಯಾಪ್‌ಟಾಪ್ ಇದ್ದಾಗ. ಮೂರೇ ಜಾಕ್ ಇದ್ದು, ಅವುಗಳ ಕೆಲಸ ಬದಲಿಸುವ ಸೌಲಭ್ಯ ಬೋರ್ಡಿನಲ್ಲಿ ಇಲ್ಲದಾಗ. ಮದರ್‌ಬೋರ್ಡಿನ ಜಾಕ್ ಸತ್ತಾಗ. ಮೌಸ್ ಅಲ್ಲಾಡಿಸಿದರೆ ಸ್ಪೀಕರಿನಲ್ಲಿ "ಚಿರ್ ಚಿರ್" ಅಂತ ಕೇಳುತ್ತಿದ್ದಾಗ. ಉಳಿದವರಿಗೆ ಬೇಡ.

ಡೆಸ್ಕ್‌ಟಾಪ್ ಆದರೆ ಮದರ್‌ಬೋರ್ಡಿನ ಸ್ಲಾಟ್‌ಗೆ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್. ಕ್ರಿಯೇಟಿವ್ ಸೌಂಡ್ ಬ್ಲಾಸ್ಟರ್ ಆಡಿಜಿ ಎಫ್‌ಎಕ್ಸ್, ಆಸುಸ್ ಝೋನಾರ್ ಎಸ್‌ಇ ಈ ಸಾಲಿನವು, ಎರಡೂ 5.1 ಕೊಡುತ್ತವೆ. ಇವು ಸಣ್ಣ ಸ್ಲಾಟ್‌ನ ಕಾರ್ಡ್. ಸಣ್ಣದು ಖಾಲಿ ಇಲ್ಲದಿದ್ದರೆ ಉದ್ದದ ಸ್ಲಾಟ್‌ಗೂ ಹಾಕಬಹುದು. ಗ್ರಾಫಿಕ್ಸ್ ಕಾರ್ಡ್ ದಪ್ಪಗಿದ್ದು ಸ್ಲಾಟ್ ಮುಚ್ಚಿದೆಯಾ ಅಂತ ಮೊದಲೇ ಕ್ಯಾಬಿನೆಟ್ ಬಿಚ್ಚಿ ನೋಡಿ. ಹುಬ್ಬಳ್ಳಿಯಲ್ಲೋ ಮಡಗಾಂವಿನಲ್ಲೋ ಹಳೆ ಕಾರ್ಡ್ ಅಗ್ಗಕ್ಕೆ ಸಿಕ್ಕಿತು ಅಂತ ತರುವವರು ಹುಷಾರು. ಹಳೆಯ ಪಿಸಿಐ ಕಾರ್ಡ್ ಈಗಿನ ಬೋರ್ಡಿಗೆ ಕೂರುವುದೇ ಇಲ್ಲ. ಹೆಸರು ಒಂದೇ ಥರ ಇದ್ದರೂ ಸ್ಲಾಟ್ ಬೇರೆ.

ಲ್ಯಾಪ್‌ಟಾಪಿಗೆ ಯುಎಸ್‌ಬಿ. ಇಲ್ಲಿ ನಾನೇ ದುಡ್ಡು ಕಳೆದುಕೊಂಡಿದ್ದೇನೆ. "7.1 ಚಾನೆಲ್" ಅಂತ ದೊಡ್ಡದಾಗಿ ಅಚ್ಚಾಗಿದ್ದ, ಹೆಬ್ಬೆರಳಿನಷ್ಟು ಉದ್ದದ ಸಾಧನ ತರಿಸಿದೆ. ಬಿಚ್ಚಿ ನೋಡಿದರೆ ಒಂದು ಹೆಡ್‌ಫೋನ್ ಜಾಕ್, ಒಂದು ಮೈಕ್ ಜಾಕ್. ಒಂದು ಜಾಕಿನಿಂದ ಎರಡೇ ಚಾನೆಲ್ ಬರುತ್ತದೆ. ಆ 7.1 ಅನ್ನುವುದು ಹೆಡ್‌ಫೋನಿನಲ್ಲಿ ಸುತ್ತಲಿನ ಸದ್ದಿನ ಭ್ರಮೆ ಹುಟ್ಟಿಸುವ ಸಾಫ್ಟ್‌ವೇರ್ ಅಷ್ಟೇ. ಸ್ಪೀಕರಿಗೆ ಉಪಯೋಗ ಇಲ್ಲ. ಫೋಟೋದಲ್ಲಿ ಹೊರಹೋಗುವ ಜಾಕ್ ಕನಿಷ್ಠ ಮೂರು ಕಾಣದಿದ್ದರೆ ಆರ್ಡರ್ ಮಾಡಬೇಡಿ. ನಿಜವಾದ 5.1 ಯುಎಸ್‌ಬಿ ಬಾಕ್ಸ್ ಸುಮಾರು ಅಂಗೈ ಅಗಲ ಇರುತ್ತದೆ, ಒಂದು ಪಕ್ಕದಲ್ಲಿ ಜಾಕ್‌ಗಳ ಸಾಲು ಇರುತ್ತದೆ.

ಆಪ್ಟಿಕಲ್ ಕೇಬಲ್ ಬಗ್ಗೆ ಕೇಳುವವರಿಗೆ: ಆ ದಾರಿಯಲ್ಲಿ ಬಿಚ್ಚಿದ, ಅಂದರೆ ಕುಗ್ಗಿಸದ ಸದ್ದು ಎರಡೇ ಚಾನೆಲ್ ಹೋಗುತ್ತದೆ. 5.1 ಬೇಕಾದರೆ ಡಾಲ್ಬಿ ಅಥವಾ ಡಿಟಿಎಸ್ ಕ್ರಮದಲ್ಲಿ ಮಡಚಿ (ಕುಗ್ಗಿಸಿ) ಕಳಿಸಬೇಕು. ಎಷ್ಟೋ ಸಿನಿಮಾ ಫೈಲುಗಳಲ್ಲಿ ಅದು ಮೊದಲೇ ಹಾಗೆ ಮಡಚಿರುವುದರಿಂದ ದಾಟುತ್ತದೆ. ಆಟದ ಸದ್ದು ಹಾಗಲ್ಲ, ಆಡುವಾಗಲೇ ಹುಟ್ಟುತ್ತದೆ. ಅದಕ್ಕೆ ಡಾಲ್ಬಿ ಡಿಜಿಟಲ್ ಲೈವ್ ಅಥವಾ ಡಿಟಿಎಸ್ ಕನೆಕ್ಟ್ ಇರುವ ಕಾರ್ಡ್ ಬೇಕು. ಎಚ್‌ಡಿಎಂಐನಲ್ಲಿ ಈ ಗೊಡವೆ ಇಲ್ಲ, ಎಂಟು ಚಾನೆಲ್ ಸಲೀಸಾಗಿ ಹೋಗುತ್ತದೆ. ಆದರೆ ಎಚ್‌ಡಿಎಂಐ ನೇರವಾಗಿ ಆಂಪ್ಲಿಫೈಯರಿಗೇ ಹೋಗಬೇಕು. ನಡುವೆ ಟಿವಿ ಸಿಕ್ಕಿಸಿದರೆ ಎಷ್ಟೋ ಟಿವಿಗಳು ಅದನ್ನು ಸ್ಟೀರಿಯೊಗೆ ಇಳಿಸಿಬಿಡುತ್ತವೆ.

ಹಂತ 6: ಅಂಗಡಿಯಲ್ಲೇ ಪರೀಕ್ಷೆ

ಈ ಒಂದು ಪರೀಕ್ಷೆಗಾಗಿ 3.5 ಮಿ.ಮೀ. ಪಿನ್‌ನಿಂದ ಎರಡು ಆರ್‌ಸಿಎ ಆಗುವ ಕೇಬಲ್ ಒಂದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ. ಲ್ಯಾಪ್‌ಟಾಪಿನಲ್ಲೋ ಜಾಕ್ ಇರುವ ಫೋನಿನಲ್ಲೋ ಒಂದು ಹಾಡು ಹಾಕಿ. ರಿಮೋಟಿನಲ್ಲಿ 5.1 ಅಥವಾ ಡಿವಿಡಿ ಅಂತ ಇರುವ ಇನ್‌ಪುಟ್ ಆರಿಸಿ.

ಮೊದಲು ಕೇಬಲ್ಲನ್ನು ಮುಂದಿನ ಜೋಡಿಗೆ ಚುಚ್ಚಿ. ಮುಂದಿನ ಎರಡು ಸ್ಪೀಕರ್ ಮಾತ್ರ ಹಾಡಬೇಕು. ಕಿತ್ತು ಹಿಂದಿನ ಜೋಡಿಗೆ ಚುಚ್ಚಿ. ಈಗ ಹಿಂದಿನವು ಮಾತ್ರ. ಮೂರನೆಯ ಜೋಡಿಗೆ ಚುಚ್ಚಿದರೆ ನಡುವಿನದು ಮತ್ತು ಸಬ್‌ವೂಫರ್. ಮುಂದಿನ ಜೋಡಿಗೆ ಚುಚ್ಚಿದಾಗ ಜೊತೆಗೆ ಸಬ್‌ವೂಫರ್ ಗುಂಯ್ ಅಂದರೆ ಅಡ್ಡಿಯಿಲ್ಲ, ಸಣ್ಣ ಸ್ಪೀಕರಿನ ಬಾಸನ್ನು ಅದೇ ಹೊರುವಂತೆ ಮಾಡಿರುತ್ತಾರೆ. ಆದರೆ ಯಾವುದಕ್ಕೆ ಚುಚ್ಚಿದರೂ ಐದೂ ಒಟ್ಟಿಗೆ ಹಾಡಿದರೆ ಆ ಸೆಟ್ ಬೇಡ. ಐದು ನಿಮಿಷದ ಕೆಲಸ ಇದು. ಮಾಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಆಮೇಲೆ ಹಾಡು ನಿಲ್ಲಿಸಿ, ವಾಲ್ಯೂಮ್ ಮುಕ್ಕಾಲಿಗೆ ಏರಿಸಿ. ಸ್ಪೀಕರಿಗೆ ಕಿವಿ ಕೊಡಿ. ಹತ್ತಿರ ಸಣ್ಣ "ಸ್ಸ್" ಇದ್ದರೆ ಪರವಾಗಿಲ್ಲ. ಮೂರು ಅಡಿ ದೂರಕ್ಕೂ ಕೇಳಿದರೆ ಬೇರೆ ಸೆಟ್ ತೋರಿಸಲು ಹೇಳಿ.

ಬಿಲ್ ಮಾಡಿಸುವಾಗ ಸರ್ವಿಸ್ ಸೆಂಟರ್ ಎಲ್ಲಿ ಅಂತ ಕೇಳಿ. ಕಾರವಾರದವರು 15 ಕಿಲೋ ತೂಕದ ಸಬ್‌ವೂಫರ್ ಹೊತ್ತು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕಾದರೆ ವಾರಂಟಿಗೆ ಅರ್ಥ ಉಳಿಯುವುದಿಲ್ಲ. ಅಂಗಡಿಯವರೇ ಕಳಿಸಿ ತರಿಸಿಕೊಡುತ್ತೇವೆ ಅಂದರೆ ಅದನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ರಟ್ಟಿನ ಪೆಟ್ಟಿಗೆ, ಥರ್ಮೋಕೋಲ್ ಎರಡನ್ನೂ ಎಸೆಯಬೇಡಿ.

ಹಂತ 7: ಕರೆಂಟ್ ಸರಿ ಇದೆಯಾ ನೋಡಿ

ಇದನ್ನು ವೈರ್ ಜೋಡಿಸುವ ಮೊದಲೇ ಮಾಡಿ. ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆಯಾ? ಹಾಗಿದ್ದರೆ ಆ ಪ್ಲಗ್‌ಗೆ ಅರ್ಥಿಂಗ್ ಸರಿಯಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಒಳಗಿನ ಫಿಲ್ಟರಿನಿಂದ ಸ್ವಲ್ಪ ಕರೆಂಟ್ ಲೋಹಕ್ಕೆ ಬರುತ್ತದೆ, ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಕೈಗೆ ಬರುತ್ತದೆ. ಅದೇ ಕರೆಂಟ್ ಆಡಿಯೊ ಕೇಬಲ್ ಹಿಡಿದು ಸ್ಪೀಕರಿಗೂ ಹೋಗುತ್ತದೆ. ಆಗ ಸ್ಪೀಕರ್ "ಹೂಂ" ಅಂತ ಗುನುಗುತ್ತದೆ. ಮೊದಲು ವಯರ್‌ಮನ್ ಕರೆಸಿ. ಬೇಸಿಗೆಯಲ್ಲಿ ನಮ್ಮ ಚಿರೆಮಣ್ಣು ಒಣಗಿದಾಗ ಅರ್ಥಿಂಗ್ ಗುಂಡಿ ಕೈಕೊಡುವುದುಂಟು. ಏಪ್ರಿಲ್, ಮೇ ತಿಂಗಳಲ್ಲಿ ಆಗಾಗ ಅದಕ್ಕೆ ನೀರು ಹಾಕಿ.

ಗುನುಗು ನಿಲ್ಲಲಿ ಅಂತ ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೆ ಅಪಾಯ.

ಕಂಪ್ಯೂಟರ್, ಮಾನಿಟರ್, ಸಬ್‌ವೂಫರ್ ಮೂರನ್ನೂ ಒಂದೇ ಗೋಡೆ ಪ್ಲಗ್‌ನಿಂದ ಬಂದ ಒಂದೇ ಸ್ಪೈಕ್ ಗಾರ್ಡ್‌ಗೆ ಹಾಕಿ. ಸಣ್ಣ ಯುಪಿಎಸ್‌ಗೆ ಸಬ್‌ವೂಫರ್ ಸೇರಿಸಬೇಡಿ. ಮಳೆಗಾಲದಲ್ಲಿ ಇನ್‌ವರ್ಟರ್ ಮೇಲೆ ಓಡಿಸುವಾಗ ಮಾತ್ರ "ಜುಂಯ್" ಅಂದರೆ ತಪ್ಪು ಸ್ಪೀಕರಿನದ್ದಲ್ಲ. ಸ್ಕ್ವೇರ್ ವೇವ್ ಇನ್‌ವರ್ಟರ್‌ಗಳು ಹಾಗೆ ಮಾಡುತ್ತವೆ.

ಹಂತ 8: ಇಡುವ ಜಾಗ

ನೀವು ಕೂರುವ ಕುರ್ಚಿಯಿಂದ ಶುರು ಮಾಡಿ. ಮುಂದಿನ ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಮೂರರ ನಡುವಿನ ಅಂತರ ಒಂದೇ ಇರಲಿ. ಅಂದರೆ ನಡುವಿನ ಗೆರೆಯಿಂದ ಎರಡೂ ಕಡೆ 30 ಡಿಗ್ರಿ. ನಡುವಿನ ಸ್ಪೀಕರ್ ಮಾನಿಟರಿನ ಕೆಳಗೆ, ಮುಖ ಸ್ವಲ್ಪ ಮೇಲಕ್ಕೆ.

ಹಿಂದಿನವು ಬೆನ್ನ ಹಿಂದಿನ ಮೂಲೆಗೆ ಹೋಗಬಾರದು. ಕಿವಿಯ ನೇರಕ್ಕಿಂತ ಸ್ವಲ್ಪ ಹಿಂದೆ, ಅದೇ ನಡುವಿನ ಗೆರೆಯಿಂದ 100ರಿಂದ 120 ಡಿಗ್ರಿ ಒಳಗೆ, ಕಿವಿಗಿಂತ ಒಂದೆರಡು ಅಡಿ ಮೇಲೆ. ಗೋಡೆಗೆ ಮೊಳೆ ಹೊಡೆಯುವ ಮೊದಲು ಒಂದು ವಾರ ಸ್ಟೂಲಿನ ಮೇಲಿಟ್ಟು ಕೇಳಿ.

ಸಬ್‌ವೂಫರಿನ ಜಾಗ ಹುಡುಕಲು ಒಂದು ಉಪಾಯ ಇದೆ. ಅದನ್ನು ನಿಮ್ಮ ಕುರ್ಚಿಯ ಮೇಲೇ ಇಡಿ. ಬಾಸ್ ಜಾಸ್ತಿ ಇರುವ ಹಾಡು ಹಾಕಿ. ಈಗ ನೀವು ಗೋಡೆಯ ಪಕ್ಕ ಬಗ್ಗಿ ನಡೆಯಿರಿ. ಒಂದು ಕಡೆ ಗುಂಯ್‌ಗುಡುತ್ತದೆ, ಇನ್ನೊಂದು ಕಡೆ ಬಾಸ್ ಮಾಯ ಆಗುತ್ತದೆ. ಎಲ್ಲಿ ಹದವಾಗಿ, ಬಿಗಿಯಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಎರಡು ಇಂಚು ಎತ್ತರದ ಮಣೆಯ ಮೇಲೆ.

ಹಂತ 9: ಜೋಡಣೆ ಮತ್ತು ಸೆಟ್ಟಿಂಗ್

ಎಲ್ಲ ಸ್ವಿಚ್ ಆಫ್ ಮಾಡಿ. ಆರ್‌ಸಿಎ ಸೆಟ್ ಆದರೆ 3.5 ಮಿ.ಮೀ.ನಿಂದ ಆರ್‌ಸಿಎ ಆಗುವ ಕೇಬಲ್ ಮೂರು ಬೇಕು. ಮೂರೂ ನೋಡಲು ಒಂದೇ ಥರ ಇರುತ್ತವೆ. ಎರಡೂ ತುದಿಗೆ ಒಂದೇ ಬಣ್ಣದ ಟೇಪು ಸುತ್ತಿ, ಆಮೇಲೆ ಚುಚ್ಚಿ. ಸ್ಪೀಕರ್ ವೈರ್ ಉದ್ದ ಮಾಡಬೇಕಾದರೆ ತಾಮ್ರದ್ದೇ ತನ್ನಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಬೇಕು. ಒಂದು ಸ್ಪೀಕರಿನದ್ದು ತಿರುಗಿದರೂ ಸದ್ದು ಪೊಳ್ಳಾಗಿ ಕೇಳುತ್ತದೆ.

ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್, ಸೌಂಡ್, ಪ್ಲೇಬ್ಯಾಕ್‌ಗೆ ಹೋಗಿ. ನಿಮ್ಮ ಸ್ಪೀಕರ್ ಆರಿಸಿ, ಕಾನ್ಫಿಗರ್ ಒತ್ತಿ, 5.1 ಸರೌಂಡ್ ಆರಿಸಿ. ಅಲ್ಲೇ ಇರುವ ಟೆಸ್ಟ್ ಒತ್ತಿದರೆ ಒಂದೊಂದೇ ಸ್ಪೀಕರ್ ಸದ್ದು ಮಾಡುತ್ತದೆ. ಚಿತ್ರದಲ್ಲಿ ಯಾವುದು ಹೊಳೆಯುತ್ತದೋ ಕೋಣೆಯಲ್ಲೂ ಅದೇ ಕೇಳಬೇಕು. ಕಾಗದದಲ್ಲಿ ಗುರುತು ಹಾಕುತ್ತಾ ಹೋಗಿ. ಮುಂದಿನ ಪುಟಗಳಲ್ಲಿ ಫುಲ್ ರೇಂಜ್ ಸ್ಪೀಕರ್ ಅಂತ ಕೇಳಿದಾಗ, ಸ್ಪೀಕರ್ ಸಣ್ಣದಾದರೆ ಟಿಕ್ ತೆಗೆಯಿರಿ. ಬಾಸ್ ಸಬ್‌ವೂಫರಿಗೆ ಹೋಗುತ್ತದೆ.

ಟೆಸ್ಟ್‌ನಲ್ಲಿ ಆರೂ ಸರಿಯಾಗಿದ್ದು ಸಿನಿಮಾದಲ್ಲಿ ಹಿಂದಿನವು ಸುಮ್ಮನಿದ್ದರೆ ತೊಂದರೆ ಫೈಲಿನಲ್ಲಿದೆ, ಇಲ್ಲ ಪ್ಲೇಯರಿನಲ್ಲಿದೆ. ವಿಎಲ್‌ಸಿಯಲ್ಲಿ ಟೂಲ್ಸ್ ಮೆನುವಿನ ಕೋಡೆಕ್ ಮಾಹಿತಿ ತೆರೆದರೆ ಆ ಫೈಲಿನ ಸದ್ದು ಸ್ಟೀರಿಯೊನಾ, 5.1ನಾ ಅಂತ ಗೊತ್ತಾಗುತ್ತದೆ.

ಹಂತ 10: ತಪ್ಪಿನ ಗುರುತುಗಳು

ಸಿನಿಮಾದ ಮಾತು ಸಬ್‌ವೂಫರ್ ಡಬ್ಬಿಯೊಳಗಿಂದ ಗೊಗ್ಗರಾಗಿ ಬರುತ್ತಿದೆಯಾ? ನಾನು ಸರಿ ಮಾಡಿದ ಮನೆಗಳಲ್ಲಿ ಅತಿ ಹೆಚ್ಚು ಕಂಡ ತೊಂದರೆ ಇದು. ಕಿತ್ತಳೆ ಜಾಕಿನಲ್ಲಿ ನಡುವಿನದು ಮತ್ತು ಸಬ್‌ವೂಫರ್ ಎರಡೂ ಇರುತ್ತವಲ್ಲ, ಅವು ಅದಲುಬದಲಾಗಿವೆ. ಆ ಕೇಬಲ್ಲಿನ ಕೆಂಪು ಮತ್ತು ಬಿಳಿ ಪಿನ್ ಪರಸ್ಪರ ಬದಲಿಸಿ. ಕಾರವಾರದ ಗೆಳೆಯರೊಬ್ಬರು ಸಬ್‌ವೂಫರ್ ಕೆಟ್ಟಿದೆ ಅಂತ ವಾಪಸ್ ಕೊಡಲು ಪ್ಯಾಕ್ ಮಾಡಿದ್ದರು. ಎರಡು ಪಿನ್ ಬದಲಿಸಿದ್ದಕ್ಕೆ ಸರಿಯಾಯಿತು. ಆರ್‌ಸಿಎ ಇಲ್ಲದೆ ನೇರ ಸಣ್ಣ ಪಿನ್ ಇದ್ದರೆ, ರಿಯಲ್‌ಟೆಕ್ ಕನ್ಸೋಲಿನಲ್ಲಿ ಇವೆರಡನ್ನು ಅದಲುಬದಲು ಮಾಡುವ ಟಿಕ್ ಇದೆಯಾ ನೋಡಿ.

ಹಿಂದಿನ ಎರಡೂ ಟೆಸ್ಟ್‌ನಲ್ಲೇ ಸತ್ತಿವೆಯಾ? ಕಾನ್ಫಿಗರ್ ಪಟ್ಟಿಯಲ್ಲಿ 5.1 ಎರಡು ಸಲ ಕಾಣಬಹುದು. ಒಂದರಲ್ಲಿ ಸ್ಪೀಕರ್ ಹಿಂದೆ, ಇನ್ನೊಂದರಲ್ಲಿ ಪಕ್ಕದಲ್ಲಿ. ಇನ್ನೊಂದನ್ನು ಆರಿಸಿ. ಆಗಲೂ ಇಲ್ಲದಿದ್ದರೆ ಪಿನ್ ಕಪ್ಪು ಜಾಕಿನಲ್ಲೇ ಇದೆಯಾ, ಬೂದು ಬಣ್ಣದ್ದಕ್ಕೆ ಹೋಗಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಕತ್ತಲಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಗುನುಗು ನಿಲ್ಲುತ್ತದಾ? ಹಾಗಾದರೆ ಅದು ಗ್ರೌಂಡ್ ಲೂಪ್, ಅಂದರೆ ಅರ್ಥಿಂಗ್ ದಾರಿ ಒಂದಕ್ಕಿಂತ ಹೆಚ್ಚಾಗಿ ಕರೆಂಟ್ ಕೇಬಲ್ಲಿನಲ್ಲಿ ಸುತ್ತುವುದು. ಎಲ್ಲವನ್ನೂ ಒಂದೇ ಸ್ಪೈಕ್ ಗಾರ್ಡ್‌ಗೆ ತನ್ನಿ. ಹೋಗದಿದ್ದರೆ ಆಡಿಯೊ ಕೇಬಲ್ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಸುಟ್ಟ ವಾಸನೆ, ಸಬ್‌ವೂಫರಿನ ಹಿಂಭಾಗ ಕೈ ಇಡಲಾಗದಷ್ಟು ಬಿಸಿ, ಆನ್ ಮಾಡಿದಾಗೆಲ್ಲ ಜೋರಾಗಿ "ಢಬ್" ಅನ್ನುವುದು ಹೊಸದಾಗಿ ಶುರುವಾಗಿದ್ದರೆ ಪ್ಲಗ್ ಕಿತ್ತು ಅಂಗಡಿಗೆ ಒಯ್ಯಿರಿ. ಮನೆಯಲ್ಲಿ ಬಿಚ್ಚಬೇಡಿ.

ಹಂತ 11: ಜೂನ್ ಬರುವ ಮೊದಲು

ಕಡಲ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ಆರ್‌ಸಿಎ ಪಿನ್‌ಗಳು ಬೇಗ ಮಂಕಾಗುತ್ತವೆ, ತಾಮ್ರದ ತುದಿಗೆ ಹಸಿರು ಕಿಲುಬು ಹಿಡಿಯುತ್ತದೆ. ಮೊದಲು ಒಂದು ಸ್ಪೀಕರ್ ಕರಕರ ಅನ್ನುತ್ತದೆ, ಆಮೇಲೆ ಸದ್ದು ಹೋಗಿ ಬಂದು ಮಾಡುತ್ತದೆ. ಮೂರು ತಿಂಗಳಿಗೊಮ್ಮೆ ಪ್ರತಿ ಪಿನ್ ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ತಿರುಗಿಸುತ್ತಾ ಚುಚ್ಚಿ. ತೆಂಗಿನೆಣ್ಣೆ ಹಚ್ಚಬೇಡಿ, ಧೂಳು ಅಂಟುತ್ತದೆ.

ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಾ ಅರ್ಧ ಗಂಟೆ ಓಡಿಸುವುದು ಒಳ್ಳೆಯದು. ಒಳಗಿನ ಬಿಸಿಗೆ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ತೇವ ಒಳಗೇ ಉಳಿಯುತ್ತದೆ, ಹತ್ತಿ ಬಟ್ಟೆ ಹಾಕಿ. ಸಬ್‌ವೂಫರಿನ ಗಾಳಿ ತೂತಿನಲ್ಲಿ ಹಲ್ಲಿ, ಜಿರಳೆ ಸೇರಿಕೊಳ್ಳುತ್ತವೆ. ತಿಂಗಳುಗಟ್ಟಲೆ ಊರಿಗೆ ಹೋಗುವಾಗ ಆ ತೂತಿಗೆ ಬಟ್ಟೆ ಕಟ್ಟಿ ಹೋಗಿ, ಬಂದ ಮೇಲೆ ಬಿಚ್ಚುವುದನ್ನು ಮರೆಯಬೇಡಿ.

ಸಿಡಿಲಿನ ಹೊತ್ತಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ಪೈಕ್ ಗಾರ್ಡ್ ಕೂಡ ಹತ್ತಿರ ಬಿದ್ದ ಸಿಡಿಲನ್ನು ತಡೆಯುವುದಿಲ್ಲ. ಮುಂಗಾರಿನ ಮೊದಲಿನ ಗುಡುಗು ಶುರುವಾಗುವ ಮೊದಲೇ ಗೋಡೆಯಿಂದ ಪ್ಲಗ್ ಕೀಳಿ. ಜೊತೆಗೆ ಇಂಟರ್ನೆಟ್ ರೂಟರಿನಿಂದ ಕಂಪ್ಯೂಟರಿಗೆ ಬರುವ ನೆಟ್‌ವರ್ಕ್ ಕೇಬಲ್ ಕೂಡ ಕೀಳಿ. ಕರೆಂಟ್ ಪ್ಲಗ್ ಕಿತ್ತು ಇದೊಂದನ್ನು ಬಿಟ್ಟ ಮನೆಯಲ್ಲಿ ಮದರ್‌ಬೋರ್ಡ್ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.